ಕೊಬ್ಬರಿಯ ನಾಡಿನಲ್ಲಿ ಮೂರು ಗಣಕಯಂತ್ರಗಳು

ಬೆಂಗಳೂರಿನಿಂದ ಅರಸೀಕೆರೆಯ ಕಡೆಗೆ ಹೋಗುವ ರೈಲುಬಂಡಿಯು ತುಮಕೂರನ್ನು ಬಿಟ್ಟು, ನಾಟಕದ ವೀರಣ್ಣನವರ ಗುಬ್ಬಿಯನ್ನು ದಾಟಿತೆಂದರೆ, ಕಿಟಕಿಯ ಬದಿಯಲ್ಲಿ ಕುಳಿತ ಪ್ರಯಾಣಿಕನಿಗೆ ಊರುಗಳ ಹೆಸರು ಓದುವ ಅಗತ್ಯವೇ ಉಳಿಯುವುದಿಲ್ಲ. ಎರಡು ಕಡೆಯೂ ತೆಂಗು. ಕೆರೆಯ ಏರಿಯ ಕೆಳಗೆ ತೆಂಗು, ಗುಡಿಯ ಹಿಂದೆ ತೆಂಗು, ಮನೆಯ ಹಿತ್ತಿಲಲ್ಲಿ ಒಂಟಿಯಾಗಿ ನಿಂತು ಸೂರಿನ ಮೇಲಿಂದ ಇಣುಕುವುದೂ ತೆಂಗು. ನಿಟ್ಟೂರು, ಅಮ್ಮಸಂದ್ರ, ಬಾಣಸಂದ್ರ, ಅರಳಗುಪ್ಪೆ ಎಂದು ನಿಲ್ದಾಣಗಳು ಒಂದೊಂದಾಗಿ ಹಿಂದೆ ಸರಿಯುತ್ತವೆ. ಅರಳಗುಪ್ಪೆಯಲ್ಲಿ ಇಳಿಯುವ ಮನಸ್ಸುಳ್ಳವರು ಅಲ್ಲಿನ ಕಲ್ಲೇಶ್ವರ ಗುಡಿಯ ಮೇಲ್ಛಾವಣಿಯಲ್ಲಿ ಅಷ್ಟದಿಕ್ಪಾಲಕರ ನಡುವೆ ಕುಣಿಯುತ್ತಿರುವ ಶಿವನನ್ನು ತಪ್ಪದೆ ನೋಡಬೇಕು. ಒಂಬತ್ತನೆಯ ಶತಮಾನದ ಕೆಲಸ. ಕತ್ತು ನೋಯುವವರೆಗೆ ನೋಡಿದರೂ ಸಾಲದು.

ಈ ಸೀಮೆಗೆ ಕಲ್ಪತರು ನಾಡೆಂದು ಹೆಸರು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ತಾಲ್ಲೂಕುಗಳ ಜನರ ಮಾತು ಎಲ್ಲಿಂದ ಹೊರಟರೂ ಕೊನೆಗೆ ಕೊಬ್ಬರಿಯ ಧಾರಣೆಗೇ ಬಂದು ನಿಲ್ಲುತ್ತದೆ. 2023ರಲ್ಲಿ ಉಂಡೆಕೊಬ್ಬರಿಯ ಪೇಟೆಧಾರಣೆ ಸರ್ಕಾರದ ಬೆಂಬಲ ಬೆಲೆಯಾದ 11,750 ರೂಪಾಯಿಗಿಂತ ಬಹಳ ಕೆಳಕ್ಕೆ ಇಳಿದು ರೈತರನ್ನು ಬೀದಿಗೆ ತಂದಿತು. ಎರಡೇ ವರ್ಷಗಳಲ್ಲಿ, 2025ರಲ್ಲಿ, ಅದೇ ಕ್ವಿಂಟಲು 20,000 ರೂಪಾಯಿಯನ್ನು ದಾಟಿ ಮೇಲೇರಿತು. ಇಂಥ ಏರಿಳಿತದ ನಡುವೆ ಬದುಕುವವರಿಗೆ ತಾಳ್ಮೆಯೂ ಬೇಕು, ಸರಿಯಾದ ಗಳಿಗೆಯಲ್ಲಿ ಚುರುಕೂ ಬೇಕು. ನಮ್ಮ ಭಾವನವರ ಮಂಡಿಯಲ್ಲಿ ಮೊದಲನೆಯದು ಬೇಕಾದಷ್ಟಿತ್ತು. ಎರಡನೆಯದಕ್ಕೆ ಅಡ್ಡಿಯಾಗಿದ್ದುದು ಒಂದು ಗಣಕಯಂತ್ರ.

ತಿಪಟೂರಿನ ಕೃಷಿ ಉತ್ಪನ್ನ ಮಾರುಕಟ್ಟೆಯನ್ನು ನೋಡದವರಿಗೆ ಒಂದೆರಡು ಮಾತು ಹೇಳಬೇಕು. ಚೀಲಗಳು ಸಾಲುಸಾಲಾಗಿ ಬಂದಿಳಿಯುತ್ತವೆ. ಒಂದೊಂದು ರಾಶಿಗೂ ಒಂದು ಸಂಖ್ಯೆ. ಹಿಂದೆ ಕೂಗಿ ಹರಾಜು ಹಾಕುತ್ತಿದ್ದ ಕಾಲ ಹೋಯಿತು. ರಾಜ್ಯದ ಮಾರುಕಟ್ಟೆಗಳನ್ನು ಒಂದೇ ಜಾಲಕ್ಕೆ ಜೋಡಿಸುವ ಕಾರ್ಯ 2014ರಲ್ಲಿ ಆರಂಭವಾದ ಮೇಲೆ ಖರೀದಿದಾರರು ತಮ್ಮ ಬೆಲೆಯನ್ನು ಗಣಕಯಂತ್ರದಲ್ಲೇ ನಮೂದಿಸುತ್ತಾರೆ. ಗೊತ್ತಾದ ವೇಳೆಗೆ ಟೆಂಡರು ತೆರೆಯುತ್ತದೆ. ಬಂದ ಬೆಲೆ ಒಪ್ಪಿಗೆಯಾಗದಿದ್ದರೆ ಬೇಡವೆನ್ನುವ ಹಕ್ಕು ರೈತನಿಗಿದೆ. ಅಲ್ಲಿಂದ ಕೊಬ್ಬರಿ ಉತ್ತರ ಭಾರತದ ಊರುಗಳಿಗೆ ಲಾರಿ ಹತ್ತುತ್ತದೆ. ಇಷ್ಟು ಕಾರ್ಯಕ್ಕೆ ಬೇಕಾದ ಪಟ್ಟಿ, ತೂಕದ ಚೀಟಿ, ರೈತರ ಲೆಕ್ಕ, ತೆರಿಗೆಯ ಲೆಕ್ಕ ಎಲ್ಲವೂ ಮಂಡಿಯ ಮೇಜಿನ ಮೇಲಿರುವ ಯಂತ್ರದ ಹೊಟ್ಟೆಯಲ್ಲಿ.

ಭಾವನವರ ಯಂತ್ರವನ್ನು ಬೆಳಿಗ್ಗೆ ಚಾಲೂ ಮಾಡಿ, ಎದುರಿನ ಹೋಟೆಲಿಗೆ ಹೋಗಿ, ಒಂದು ತಟ್ಟೆ ಇಡ್ಲಿ ಮುಗಿಸಿ, ಕಾಫಿ ಕುಡಿದು ಬಂದರೆ ಆಗ ಅದು ಕಣ್ಣುಬಿಟ್ಟಿರುತ್ತಿತ್ತು. ಲೆಕ್ಕದ ಪುಟದಿಂದ ಟೆಂಡರಿನ ಪುಟಕ್ಕೆ ಹೋಗಬೇಕೆಂದರೆ ಮತ್ತೆ ಧ್ಯಾನ. ಟೆಂಡರಿನ ದಿನ ಜಗುಲಿಯಲ್ಲಿ ರೈತರು ಕಾದು ಕುಳಿತಿರುವಾಗ ಈ ಧ್ಯಾನವನ್ನು ಸಹಿಸುವುದು ಕಷ್ಟ. ಊರಿನ ಒಂದು ಅಂಗಡಿಯವರು ಬಂದು ನೋಡಿ, “ಮೆಮೊರಿ ನಿಧಾನದ್ದು ಸ್ವಾಮಿ, 2400ರದು. ತೆಗೆದು 3200ರ ಎರಡು ಪಟ್ಟಿ ಹಾಕಿಬಿಡೋಣ. ಕುದುರೆಯ ಹಾಗೆ ಓಡುತ್ತದೆ” ಎಂದು ಬೆಲೆಯನ್ನೂ ಬರೆದುಕೊಟ್ಟು ಹೋಗಿದ್ದರು. ಬೆಲೆ ಅಲ್ಪವಾಗಿರಲಿಲ್ಲ. 2025ರ ಕೊನೆಯ ತಿಂಗಳುಗಳಲ್ಲಿ, ಕೃತಕ ಬುದ್ಧಿಮತ್ತೆಯ ಭಾರೀ ಯಂತ್ರಾಗಾರಗಳಿಗೇ ಮೆಮೊರಿಯೆಲ್ಲ ಹರಿದುಹೋಗತೊಡಗಿ ಲೋಕದಲ್ಲೆಲ್ಲ ಅದರ ಬೆಲೆ ಏರಿದ ಸಂಗತಿ ವಾಚಕರಿಗೆ ತಿಳಿದೇ ಇದೆ. ಅದೇ ಡಿಸೆಂಬರಿನಲ್ಲಿ ಮೈಕ್ರಾನ್ ಸಂಸ್ಥೆಯು ಮನೆಬಳಕೆಯವರಿಗಾಗಿ ಮಾರುತ್ತಿದ್ದ ತನ್ನ ಕ್ರೂಷಿಯಲ್ ಎಂಬ ಹೆಸರಿನ ವ್ಯಾಪಾರವನ್ನೇ ಮುಗಿಸುವುದಾಗಿ ಸಾರಿತು.

“ನೀನು ಬೆಂಗಳೂರಿನಲ್ಲಿ ಇದೇ ಕಸುಬಿನಲ್ಲಿರುವವನು. ಏನಂತೀಯೆ?” ಎಂದರು ಭಾವ.

ನಾನು ಬಾಯಿ ತೆರೆಯುವುದಕ್ಕೆ ಮುಂಚೆ ಒಳಗಿನಿಂದ ಅಕ್ಕನ ಧ್ವನಿ ಬಂತು: “ಅಟ್ಟದ ಹೆಂಚಿಗೆ ಅಂತ ಇಟ್ಟ ದುಡ್ಡು ಅದು. ಮಳೆ ಹಿಡಿಯುವುದಕ್ಕೆ ಮುಂಚೆ ಹೊದಿಸದೆ ಇದ್ದರೆ ಕಾಯಿ ಎಲ್ಲ ಕೆಡುತ್ತೆ. ಅದನ್ನೂ ಸೇರಿಸಿ ಯೋಚನೆ ಮಾಡಪ್ಪ.”

ಅಕ್ಕನ ಮಾತಿನ ತೂಕ ತಿಳಿಯಬೇಕಾದರೆ ಅಟ್ಟವನ್ನು ಕಾಣಬೇಕು. ಬಟ್ಟಲುಕೊಬ್ಬರಿ ಮಾಡುವ ಕಡೆ ಕಾಯನ್ನು ಒಡೆದು, ಹೋಳುಗಳನ್ನು ಬಿಸಿಲಿಗೆ ಹರಡಿ ಒಣಗಿಸುತ್ತಾರೆ. ನಮ್ಮ ಸೀಮೆಯ ಉಂಡೆಕೊಬ್ಬರಿಗೆ ಆ ಅವಸರವಿಲ್ಲ. ಬಲಿತ ಕಾಯನ್ನು ಮಟ್ಟೆಸಹಿತವಾಗಿ ಅಟ್ಟಕ್ಕೇರಿಸಿಬಿಡುತ್ತಾರೆ. ಅಲ್ಲಿ ಅದು ಎಂಟು ತಿಂಗಳು, ಹತ್ತು ತಿಂಗಳು, ಕೆಲವೊಮ್ಮೆ ಇಡೀ ವರ್ಷ ಕತ್ತಲಲ್ಲಿ ಮಲಗಿರುತ್ತದೆ. ಒಳಗಿನ ನೀರು ತಾನಾಗಿ ಇಂಗುತ್ತದೆ. ತಿರುಳು ಕರಟವನ್ನು ಬಿಟ್ಟು ಕುಗ್ಗಿ ಉಂಡೆಯಾಗುತ್ತದೆ. ಕೈಗೆತ್ತಿಕೊಂಡು ಅಲುಗಿಸಿದರೆ ಲೊಟಲೊಟನೆ ಸದ್ದು ಬರಬೇಕು. ಆ ಸದ್ದನ್ನು ಕೇಳಿ ಕಾಯಿ ಪಕ್ವವಾಯಿತೋ ಇಲ್ಲವೋ ಎಂಬುದನ್ನು ಹೇಳುವ ಹೆಂಗಸರು ಇಲ್ಲಿ ಮನೆಮನೆಗೂ ಇದ್ದಾರೆ. ಆಮೇಲೆ ಅಟ್ಟದಿಂದ ಇಳಿಸಿ, ಅಂಗಳದಲ್ಲಿ ರಾಶಿ ಹಾಕಿ, ಮಟ್ಟೆ ಸುಲಿದು, ಉಂಡೆಗೆ ಪೆಟ್ಟಾಗದಂತೆ ಕರಟವನ್ನು ಒಡೆಯುತ್ತಾರೆ. ಇಂಥ ಅಟ್ಟದ ಮೇಲೆ ಹೆಂಚು ಸರಿದು ಒಂದು ಮಳೆ ಸೋರಿತೆಂದರೆ, ಒಂದು ವರ್ಷದ ಬೆಳೆ ಬೂಷ್ಟು ಹಿಡಿದ ಹಾಗೆ.

ಯಂತ್ರದ ಮುಂದೆ ಕುಳಿತೆ. ಯಾವ ಗಣಕವೇ ಆಗಲಿ, ತನಗೆ ಎಲ್ಲಿ ನೋವೆಂಬುದನ್ನು ತಾನೇ ಹೇಳುತ್ತದೆ, ಕೇಳುವವರಿಲ್ಲ ಅಷ್ಟೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಎಂಬ ಫಲಕ ತೆರೆಯುತ್ತದೆ. ಪ್ರೊಸೆಸರು ಬಹುಮಟ್ಟಿಗೆ ಕೈಕಟ್ಟಿ ಕುಳಿತಿತ್ತು. ಮೆಮೊರಿ ಕಂಠಮಟ್ಟ ತುಂಬಿತ್ತು. ಡಿಸ್ಕಿನ ಅಂಕಣದಲ್ಲಿ ನೂರಕ್ಕೆ ನೂರು ಎಂದು ಕೆಂಪಾಗಿ ನಿಂತಿತ್ತು. ಒಳಗೆ ಇದ್ದದ್ದು ಎಂಟನೆಯ ತಲೆಮಾರಿನ ಐ-3 8100 ಎಂಬ ಪ್ರೊಸೆಸರು, 4 ಜಿಬಿಯ ಒಂದೇ ಒಂದು ಮೆಮೊರಿ ಪಟ್ಟಿ, ಮತ್ತು ಗಿರಿಗಿರಿ ತಿರುಗುವ ಹಳೆಯ ಹಾರ್ಡ್ ಡಿಸ್ಕು.

ಭಾವನವರಿಗೆ ಇದನ್ನು ಗಣಕದ ಭಾಷೆಯಲ್ಲಿ ಹೇಳುವುದು ವ್ಯರ್ಥ. ಅವರದೇ ಅಂಗಳ ಎದುರಿಗಿರುವಾಗ ಅದರ ಅಗತ್ಯವೂ ಇರಲಿಲ್ಲ. ನೆಲಕ್ಕೆ ನೆಟ್ಟ ಹಾರೆಯ ಮುಂದೆ ನಿಂತು ಕಾಯಿ ಸುಲಿಯುವ ಆಳೇ ಪ್ರೊಸೆಸರು. ಅವನ ಕೈಯಳತೆಯಲ್ಲಿರುವ ನಾಲ್ಕಾರು ಕಾಯಿ ಪ್ರೊಸೆಸರಿನೊಳಗೇ ಇರುವ ಕ್ಯಾಶ್ ಎಂಬ ಪುಟ್ಟ ಕಣಜ. ಅಂಗಳದ ರಾಶಿಯೇ ಮೆಮೊರಿ, ಎಂದರೆ ರ‍್ಯಾಮ್. ಅಟ್ಟವು ಹಾರ್ಡ್ ಡಿಸ್ಕು. ಅಂಗಳ ಕಿರಿದಾಗಿದ್ದರೆ ಏನಾಗುತ್ತದೆ? ಒಂದು ರಾಶಿಯನ್ನು ಮತ್ತೆ ಅಟ್ಟಕ್ಕೇರಿಸಿ ಇನ್ನೊಂದನ್ನು ಇಳಿಸಬೇಕು. ಏಣಿಯ ಮೇಲೆ ಆಳುಗಳು ಹತ್ತಿ ಇಳಿಯುತ್ತಿರುವಷ್ಟು ಹೊತ್ತೂ ಸುಲಿಯುವವನು ಬೀಡಿ ಸೇದುತ್ತ ಕುಳಿತಿರುತ್ತಾನೆ. ವೇಗದ ಮೆಮೊರಿ ಹಾಕುವುದೆಂದರೆ, ಅಂಗಳದ ರಾಶಿಯಿಂದ ಹಾರೆಯವರೆಗೆ ಕಾಯಿ ತಂದುಕೊಡುವ ಹುಡುಗನನ್ನು ಇನ್ನಷ್ಟು ಬೇಗ ನಡೆಯೆನ್ನುವುದು. ತಂಟೆ ಇದ್ದದ್ದು ಏಣಿಯಲ್ಲಿ.

ಏಣಿಯ ಉದ್ದವೆಷ್ಟು? ಇಂದಿನ ಸಾಧಾರಣ ಮೇಜುಗಣಕದಲ್ಲಿ ಪ್ರೊಸೆಸರು ರ‍್ಯಾಮ್‌ನಿಂದ ಒಂದು ಮಾಹಿತಿಯನ್ನು ತರಿಸಿಕೊಳ್ಳಲು ಸುಮಾರು 80 ನ್ಯಾನೋಸೆಕೆಂಡು ಹಿಡಿಯುತ್ತದೆ. ತಿರುಗುವ ಡಿಸ್ಕಿನಿಂದ ತರಿಸಲು ಸುಮಾರು 10 ಮಿಲಿಸೆಕೆಂಡು. ಈ ಅಂಕಿಗಳು ಮನಸ್ಸಿಗೆ ಹತ್ತುವುದಿಲ್ಲ. ಮೊದಲನೆಯದನ್ನು ಒಂದು ಸೆಕೆಂಡೆಂದು ಹಿಗ್ಗಿಸಿದರೆ ಎರಡನೆಯದು ಒಂದೂವರೆ ದಿನವಾಗುತ್ತದೆ! ತಿರುಗುವ ಭಾಗವಿಲ್ಲದ ಎಸ್ಎಸ್‌ಡಿ ಎಂಬ ಹೊಸ ಬಗೆಯ ಡಿಸ್ಕಿಗೆ ಅದೇ ಅಳತೆಯಲ್ಲಿ ಇಪ್ಪತ್ತು ನಿಮಿಷ ಸಾಕು. ಒಂದೂವರೆ ದಿನ ಕಾಯುತ್ತಿರುವ ಮನುಷ್ಯನಿಗೆ, ಒಂದು ಸೆಕೆಂಡಿನ ಕೆಲಸವನ್ನು ಮುಕ್ಕಾಲು ಸೆಕೆಂಡಿನಲ್ಲಿ ಮಾಡಿಕೊಡುತ್ತೇನೆಂದು ಹಣ ಕೇಳುವುದು ನ್ಯಾಯವೆ?

ಮುಕ್ಕಾಲು ಎಂಬುದೂ ಉದಾರದ ಲೆಕ್ಕವೇ ಸರಿ. ಪಟ್ಟಿಯ ಮೇಲೆ ಬರೆದಿರುವ 2400, 3200 ಎಂಬ ಸಂಖ್ಯೆಗಳು ಮಾಹಿತಿ ಹರಿಯುವ ಅಗಲವನ್ನು ಹೇಳುತ್ತವೆಯೇ ಹೊರತು ಮೊದಲ ಹನಿ ಬರುವ ಹೊತ್ತನ್ನಲ್ಲ. 2400ರ ಪಟ್ಟಿಯಲ್ಲಿ ಒಂದು ಸೆಕೆಂಡಿಗೆ 19.2 ಜಿಬಿ ಹರಿಯಬಲ್ಲುದು, 3200ರಲ್ಲಿ 25.6. ಇದು ನಿಜ. ಆದರೆ ಪಟ್ಟಿಯ ಮೇಲೆ ಸಿಎಲ್ ಎಂಬ ಅಕ್ಷರಗಳ ಪಕ್ಕದಲ್ಲಿ ಇನ್ನೊಂದು ಸಂಖ್ಯೆ ಸಣ್ಣದಾಗಿ ಮುದ್ರಿತವಾಗಿರುತ್ತದೆ. ಅದನ್ನು ಎರಡು ಸಾವಿರದಿಂದ ಗುಣಿಸಿ ವೇಗದ ಸಂಖ್ಯೆಯಿಂದ ಭಾಗಿಸಿದರೆ, ಪಟ್ಟಿಯು ಉತ್ತರ ಕೊಡಲು ತೆಗೆದುಕೊಳ್ಳುವ ನ್ಯಾನೋಸೆಕೆಂಡು ದೊರೆಯುತ್ತದೆ. ಸಿಎಲ್ 17ರ 2400ಕ್ಕೆ 14.2, ಸಿಎಲ್ 22ರ 3200ಕ್ಕೆ 13.75. ಎರಡಕ್ಕೂ ಅಂತರವೆಲ್ಲಿ? ಈ ಶತಮಾನದ ಮೊದಲ ವರ್ಷಗಳಲ್ಲಿ ಬಂದ ಡಿಡಿಆರ್ 400ರ ಪಟ್ಟಿಗೂ ಸಿಎಲ್ 3ರಲ್ಲಿ 15 ನ್ಯಾನೋಸೆಕೆಂಡು ಬೇಕಾಗುತ್ತಿತ್ತು. ಇಪ್ಪತ್ತು ವರ್ಷಗಳಲ್ಲಿ ದಾರಿ ಎಷ್ಟೋ ಅಗಲವಾಯಿತು, ಊರು ಮಾತ್ರ ಹತ್ತಿರವಾಗಲಿಲ್ಲ. 3200ರಲ್ಲೇ ಸಿಎಲ್ 16ರ ಪಟ್ಟಿ ಕೊಂಡರೆ 10ಕ್ಕೆ ಇಳಿಯುತ್ತದೆ, ನಿಜ. ಕೊಳ್ಳುವವರು ಆ ಸಣ್ಣ ಸಂಖ್ಯೆಯನ್ನು ಓದದೆ ದೊಡ್ಡದನ್ನೇ ಓದುವುದರಿಂದ ಅಂಗಡಿಗಳ ಬಾಳು ಸುಗಮವಾಗಿದೆ.

ಇದೆಲ್ಲದಕ್ಕಿಂತ ದೊಡ್ಡ ಮಾತು ಇನ್ನೊಂದಿತ್ತು. ಐ-3 8100 ಪ್ರೊಸೆಸರು ಸ್ವೀಕರಿಸುವ ಮೆಮೊರಿಯ ವೇಗವೇ 2400. ಭಾವನವರ ಯಂತ್ರದಲ್ಲಿದ್ದಂಥ ಅಗ್ಗದ ಮದರ್‌ಬೋರ್ಡಿನಲ್ಲಿ 3200ರ ಪಟ್ಟಿಯನ್ನು ಕೂರಿಸಿದರೂ ಅದು 2400ರಲ್ಲೇ ನಡೆಯುತ್ತದೆ. ಓಟದ ಕುದುರೆಯನ್ನು ಕೊಂಡು ಗಾಣಕ್ಕೆ ಕಟ್ಟಿದ ಹಾಗೆ.

ಭಾವ ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, “ಹಾಗಾದರೆ 24ರಲ್ಲಿ ಬೆಂಬಲ ಬೆಲೆಗೆ ಹೆಸರು ಬರೆಸುವುದಕ್ಕೆ ಜನ ನಸುಕಿನಲ್ಲೇ ಬಂದು ಸರದಿ ನಿಂತರಲ್ಲ, ಆಗಲೂ ಯಂತ್ರ ನಿಧಾನ ಅಂದರು. ಅದೂ ಹೀಗೆಯೋ?” ಎಂದರು. ಅದು ಬೇರೆ. ದೂರದ ಸರ್ವರಿನ ಉತ್ತರಕ್ಕೆ ಕಾಯುವ ಪುಟಕ್ಕೆ ಮೇಜಿನ ಮೇಲಿನ ಮೆಮೊರಿ ಎಷ್ಟು ವೇಗವಾಗಿದ್ದರೂ ಏನೂ ಮಾಡಲಾರದು. ಟೆಂಡರಿನ ಪುಟದಲ್ಲೂ ಒಂದು ಪಾಲು ಕಾಯುವಿಕೆ ಅಂಥದೇ. ಅದನ್ನು ನಾನು ನೀಗಿಸಲಾರೆನೆಂದು ಅವರಿಗೆ ಮೊದಲೇ ಹೇಳಿದೆ.

ಮಾಡಿದ ಕೆಲಸ ಇಷ್ಟು: ಹಳೆಯ ಪಟ್ಟಿಗೆ ಜೊತೆಯಾಗಿ ಅದೇ ವೇಗದ, ಅದೇ ಅಳತೆಯ ಇನ್ನೊಂದು ಪಟ್ಟಿಯನ್ನು ಬಳಸಿದ ಸಾಮಾನಿನ ಅಂಗಡಿಯಿಂದ ತರಿಸಿದೆವು. 8 ಜಿಬಿಯಾಯಿತು, ಜೋಡಿಯಾದ್ದರಿಂದ ಹರಿವಿನ ಅಗಲವೂ ಇಮ್ಮಡಿಯಾಗಿ 38.4 ಜಿಬಿಗೆ ಏರಿತು. ಒಂಟಿ 3200ರ ಪಟ್ಟಿಗಿಂತ ಜೋಡಿ 2400 ಮೇಲು. ಒಂದು ಸಣ್ಣ ಎಸ್ಎಸ್‌ಡಿ ತಂದು ಹಳೆಯ ಡಿಸ್ಕಿನಲ್ಲಿದ್ದುದನ್ನೆಲ್ಲ ಅದಕ್ಕೆ ನಕಲು ಮಾಡಿದೆ. ಹಳೆಯದು ಲೆಕ್ಕಪತ್ರಗಳ ಇನ್ನೊಂದು ಪ್ರತಿ ಇಡಲು ಉಳಿಯಿತು. ಎಲ್ಲ ಸೇರಿ ಅಂಗಡಿಯವರು ಬರೆದುಕೊಟ್ಟಿದ್ದ ಮೊತ್ತದ ಅರ್ಧವೂ ಆಗಲಿಲ್ಲ. ಮಾರನೆಯ ಬೆಳಿಗ್ಗೆ ಭಾವ ಗುಂಡಿ ಒತ್ತಿ, ರೂಢಿಯಂತೆ ಚಪ್ಪಲಿ ಮೆಟ್ಟಿ ಹೋಟೆಲಿಗೆ ಹೊರಟವರು, ಹೊಸ್ತಿಲು ದಾಟುವುದಕ್ಕೆ ಮುಂಚೆಯೇ ಯಂತ್ರ ಎದ್ದುನಿಂತದ್ದನ್ನು ಕಂಡು ಹಿಂದಿರುಗಿ ಬಂದು ಕುಳಿತರು. ಅಕ್ಕ ಹೆಂಚಿನವನಿಗೆ ಫೋನು ಮಾಡಿದಳು.

ತಿಪಟೂರಿನಿಂದ ಕಿಬ್ಬನಹಳ್ಳಿ ಕ್ರಾಸಿಗೆ ಬಂದರೆ ದಾರಿ ಕವಲಾಗುತ್ತದೆ. ಹುಳಿಯಾರು, ಚಿಕ್ಕನಾಯಕನಹಳ್ಳಿಗಳ ಕಡೆಯಿಂದ ಇಳಿದುಬಂದ ಹೆದ್ದಾರಿ ಬೆಂಗಳೂರು ರಸ್ತೆಯನ್ನು ಇಲ್ಲಿ ಅಡ್ಡಹಾಯ್ದು ತುರುವೇಕೆರೆಯತ್ತ ಸಾಗುತ್ತದೆ. ತುರುವೇಕೆರೆ ಹೊಯ್ಸಳರ ಕಾಲದ ಊರು. ಹದಿಮೂರನೆಯ ಶತಮಾನದ ಚೆನ್ನಕೇಶವನ ಗುಡಿ ಇದೆ, ಮೂಲೆ ಶಂಕರೇಶ್ವರನಿದ್ದಾನೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಗಂಗಾಧರೇಶ್ವರನ ಗುಡಿಯ ಕರಿಕಲ್ಲಿನ ಬಸವ. ಆ ನುಣುಪನ್ನು ಮುಟ್ಟಿಯೇ ತಿಳಿಯಬೇಕು.

ಈ ಊರಿನಲ್ಲಿ ಭಾವನವರ ಸ್ನೇಹಿತರ ಮಗಳು ಮದುವೆ, ಗೃಹಪ್ರವೇಶಗಳ ಚಿತ್ರ ತೆಗೆಯುವ ಸ್ಟುಡಿಯೋ ಇಟ್ಟಿದ್ದಾಳೆ. ತಿಪಟೂರಿನ ಸುದ್ದಿ ನಮಗಿಂತ ಮುಂಚೆ ಅಲ್ಲಿಗೆ ತಲುಪಿತ್ತು. “ಅಂಕಲ್, ನನ್ನದರಲ್ಲಿ 16 ಜಿಬಿ ಇದೆ, ಜೋಡಿಯಾಗಿಯೇ ಇದೆ, ಎಸ್ಎಸ್‌ಡಿಯೂ ಇದೆ. ಆದರೂ ಒಂದು ಮದುವೆಯ ವಿಡಿಯೋ ಮುಗಿಸುವುದಕ್ಕೆ ರಾತ್ರಿ ಪೂರ್ತಿ ಹಿಡಿಯುತ್ತೆ. 2666 ತೆಗೆದು 3600 ಹಾಕಲೇ?” ಎಂದು ಕೇಳಿದಳು. ತಿಳಿದು ಕೇಳಿದ ಪ್ರಶ್ನೆ. ವಿಡಿಯೋವನ್ನು ಕೊನೆಯ ರೂಪಕ್ಕೆ ತರುವಾಗ ದುಡಿಯುವುದು ಮುಖ್ಯವಾಗಿ ಪ್ರೊಸೆಸರಿನ ತೋಳು. ಮೆಮೊರಿಯ ವೇಗದಿಂದ ಬೆರಳಲ್ಲಿ ಎಣಿಸುವಷ್ಟು ಶೇಕಡಾ ಉಳಿತಾಯವಾದರೆ ಹೆಚ್ಚು. ಬೃಹತ್ ಕಡತಗಳನ್ನು ಜಿಪ್ ಮಾಡಿ ಕುಗ್ಗಿಸುವಂಥ ಕೆಲವು ಕೆಲಸಗಳಲ್ಲಿ ಲಾಭ ಎದ್ದು ಕಾಣುತ್ತದೆ; ಅದು ಅವಳ ಕಸುಬಲ್ಲ. ನೋಡಿದರೆ, ಮದುವೆಯ ಮೂಲಚಿತ್ರಗಳೆಲ್ಲ ಯಂತ್ರದ ಹೊರಗೆ ತೂಗುಬಿಟ್ಟ ಒಂದು ತಿರುಗುವ ಡಿಸ್ಕಿನಲ್ಲಿದ್ದವು! ಕೆಲಸ ನಡೆಯುವಷ್ಟು ದಿನ ಅವನ್ನು ಒಳಗಿನ ಎಸ್ಎಸ್‌ಡಿಗೆ ತಂದಿಟ್ಟುಕೋ, ಮುಗಿದ ಮೇಲೆ ಹೊರಗೆ ಕಳಿಸು ಎಂದೆ. ಪರದೆಯ ಮೇಲೆ ಚಿತ್ರವನ್ನು ಹಿಂದೆಮುಂದೆ ಎಳೆಯುವಾಗಿನ ತೊಡರು ಅಂದೇ ಹೋಯಿತು. ರಾತ್ರಿಯ ಕಾಯುವಿಕೆ ಮಾತ್ರ ಬಹುಮಟ್ಟಿಗೆ ಹಾಗೆಯೇ ಉಳಿಯಿತು. ಅದಕ್ಕೆ ಹೊಸ ಪ್ರೊಸೆಸರೇ ಮದ್ದು. ಅದನ್ನು ಅವಳು ಮುಂದಿನ ಲಗ್ನಗಳ ಕಾಲಕ್ಕೆ ಬಿಟ್ಟಿದ್ದಾಳೆ.

ಇಷ್ಟು ಓದಿದ ವಾಚಕರು, ವೇಗದ ಮೆಮೊರಿ ಎಂಬುದೇ ಒಂದು ಮೋಸವೆಂದು ತಿಳಿದರೆ ಅದು ಅನ್ಯಾಯವಾದೀತು. ಚಿಕ್ಕನಾಯಕನಹಳ್ಳಿಯ ಹುಡುಗನ ಕಥೆ ಹೇಳದೆ ಮುಗಿಸುವಂತಿಲ್ಲ.

ಚಿಕ್ಕನಾಯಕನಹಳ್ಳಿ ಕಂಬಳಿಯ ಊರು. ಸುತ್ತಣ ಗುಡ್ಡಗಳ ಹೊಟ್ಟೆಯಲ್ಲಿ ಕಬ್ಬಿಣ, ಮ್ಯಾಂಗನೀಸುಗಳ ಅದಿರು. ಇದೇ ತಾಲ್ಲೂಕಿನ ತೀರ್ಥಪುರದಲ್ಲಿ 1906ರಲ್ಲಿ ತೀ.ನಂ. ಶ್ರೀಕಂಠಯ್ಯನವರು ಹುಟ್ಟಿದರು. ಕನ್ನಡದಲ್ಲಿ ಕಾವ್ಯಮೀಮಾಂಸೆಯನ್ನು ಓದಿದ ಯಾರೂ ಆ ಹೆಸರನ್ನು ಮರೆಯಲಾರರು. ಅಕ್ಕನ ಸೊಸೆಯ ತವರು ಈ ಊರಿನಲ್ಲಿದೆ. ಸೊಸೆಯ ತಮ್ಮ ಎಂಜಿನಿಯರಿಂಗ್ ಓದುವ ಹುಡುಗ. ಎರಡು ವರ್ಷ ರಜೆಯಲ್ಲೆಲ್ಲ ದುಡಿದು ಕೂಡಿಟ್ಟ ಹಣದಿಂದ ಒಂದು ಗಣಕವನ್ನು ತಾನೇ ಜೋಡಿಸಿದ್ದ. ರೈಜೆನ್ 5 5600ಜಿ ಪ್ರೊಸೆಸರು, ನಾಲ್ಕು ಗೂಡುಗಳ ಬೋರ್ಡು, ಸಿಎಲ್ 16ರ 3200ರ 8 ಜಿಬಿಯ ಎರಡು ಪಟ್ಟಿ. ಚಿತ್ರಕ್ಕೆಂದು ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡು ಕೊಳ್ಳಲು ಹಣ ಸಾಲದೆ, ಪ್ರೊಸೆಸರಿನೊಳಗಿನ ಗ್ರಾಫಿಕ್ಸನ್ನೇ ನೆಚ್ಚಿದ್ದ. ಕಾಲೇಜಿನ ಮೂರು ಆಯಾಮದ ನಕ್ಷೆಗಳೂ, ಮುಚ್ಚಿಡುವುದೇಕೆ, ಆಟಗಳೂ ಕುಂಟುತ್ತಿದ್ದವು. ಅವನ ತಂದೆ, “ಇದಕ್ಕೆ ಇಷ್ಟು ದುಡ್ಡು ಸುರಿಯಬೇಕಿತ್ತೆ?” ಎಂದು ದಿನಕ್ಕೊಮ್ಮೆ ಕೇಳುತ್ತಿದ್ದರಂತೆ. ಹುಡುಗ ಯಂತ್ರವನ್ನು ಮಾರಿಬಿಡುವ ಯೋಚನೆಯಲ್ಲಿದ್ದ.

ಇಂಥ ಯಂತ್ರದಲ್ಲಿ ಮೆಮೊರಿಯ ಹರಿವೇ ಪ್ರಾಣ. ಪ್ರತ್ಯೇಕ ಕಾರ್ಡಿಗೆ ಅದರದೇ ಮೆಮೊರಿ ಇರುತ್ತದೆ. ಒಳಗಿನ ಗ್ರಾಫಿಕ್ಸಾದರೋ ಪ್ರೊಸೆಸರಿನೊಡನೆ ಒಂದೇ ರ‍್ಯಾಮನ್ನು ಹಂಚಿಕೊಂಡು ಉಣ್ಣಬೇಕು. ಬೇಸಗೆಯಲ್ಲಿ ಒಂದೇ ನಾಲೆಯ ನೀರಿಗೆ ಎರಡು ತೋಟ ಕಾಯುವ ಹಾಗೆ. ಪೆಟ್ಟಿಗೆಯ ಪಕ್ಕದ ಹಲಗೆ ತೆಗೆದು ನೋಡಿದೆ. ಎರಡು ಪಟ್ಟಿಗಳೂ ಅಕ್ಕಪಕ್ಕದ ಗೂಡುಗಳಲ್ಲಿ ಅಂದವಾಗಿ ಕುಳಿತಿದ್ದವು. ಅಕ್ಕಪಕ್ಕದ ಗೂಡುಗಳೆರಡೂ ಒಂದೇ ಕಾಲುವೆಯವು. ಒಂದು ಬಿಟ್ಟು ಒಂದರಂತೆ, ಪ್ರೊಸೆಸರಿನ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಗೂಡಿಗೆ ಹಾಕಿದರೆ ಮಾತ್ರ ಜೋಡಿ ಕಾಲುವೆ ತೆರೆಯುತ್ತದೆ. ಅದು ಸಾಲದೆಂಬಂತೆ, ಪಟ್ಟಿಗಳು ನಡೆಯುತ್ತಿದ್ದುದು 2133ರಲ್ಲಿ! ಅಂಥ ಪಟ್ಟಿಗಳು ಮೇಲೆ ಬರೆದ ವೇಗಕ್ಕೆ ತಾವಾಗಿ ಏರುವುದಿಲ್ಲ. ಬಯೋಸ್ ಎಂಬ ಒಳಮನೆಗೆ ಹೋಗಿ ಎಕ್ಸ್‌ಎಂಪಿ ಎಂಬ ಆಯ್ಕೆಯನ್ನು ತೆರೆದುಕೊಡಬೇಕು. ಕೆಲವು ಬೋರ್ಡುಗಳಲ್ಲಿ ಅದಕ್ಕೆ ಡಿಒಸಿಪಿ ಎಂದು ಹೆಸರು. ಹುಡುಗನ ಗ್ರಾಫಿಕ್ಸಿಗೆ ದೊರೆಯುತ್ತಿದ್ದುದು ಸೆಕೆಂಡಿಗೆ 17 ಜಿಬಿಯ ಹರಿವು. ಅವನು ಹಣ ಕೊಟ್ಟು ಕೊಂಡದ್ದು 51.2ಕ್ಕೆ.

ಪಟ್ಟಿಯನ್ನು ಸ್ಥಳ ಬದಲಿಸಲು ಒಂದು ನಿಮಿಷ, ಬಯೋಸಿನಲ್ಲಿ ಎರಡು ನಿಮಿಷ. ಯಂತ್ರ ಒಮ್ಮೆ ಕಪ್ಪಾಗಿ, ಏನೋ ಯೋಚಿಸಿ, ಮತ್ತೆ ಎದ್ದಿತು. ಹುಡುಗ ತನ್ನ ಆಟವನ್ನು ತೆರೆದ. ಅದುವರೆಗೆ ಹೆಜ್ಜೆಹೆಜ್ಜೆಗೂ ಎಡವುತ್ತಿದ್ದ ಮೋಟಾರು ರಸ್ತೆಯ ತಿರುವಿನಲ್ಲಿ ಸರಾಗವಾಗಿ ಹೊರಳಿತು. ಅವನು ಒಂದು ಮಾತೂ ಆಡದೆ, ಅದೇ ತಿರುವಿಗೆ ಮತ್ತೆ ಮತ್ತೆ ಹಿಂದಿರುಗಿ ಬಂದು ಹೊರಳಿಸಿದ. ತಂದೆಯವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

“ಇನ್ನೂ ಮೇಲಕ್ಕೆ, 4000ಕ್ಕೆ ಏರಿಸಬಹುದೇ ಮಾವ?” ಎಂದ ಹುಡುಗ.

ಮೊದಲು ಇದು ನಿಲ್ಲುತ್ತದೆಯೋ ನೋಡೋಣವೆಂದೆ. ವೇಗ ಏರಿಸಿದ ಮೆಮೊರಿ ಒಮ್ಮೊಮ್ಮೆ ಸದ್ದಿಲ್ಲದೆ ತಪ್ಪು ಮಾಡುತ್ತದೆ. ಬರೆದಿಟ್ಟ ಒಂದಂಕಿ ಓದುವಾಗ ಬೇರೆಯಾಗಿರುತ್ತದೆ. ನಕ್ಷೆಯಲ್ಲಾದರೆ ಕಾಣಿಸೀತು, ಲೆಕ್ಕದಲ್ಲಾದರೆ ಕಾಣಿಸದು. ಮೆಮ್‌ಟೆಸ್ಟ್86 ಎಂಬ ಪರೀಕ್ಷೆಯನ್ನು ಪೆನ್ ಡ್ರೈವಿಗೆ ತುಂಬಿ, ರಾತ್ರಿಯೆಲ್ಲ ಓಡಲೆಂದು ಬಿಟ್ಟು ಮಲಗಿದೆವು. ಆ ಮನೆಯಲ್ಲೂ ನಮ್ಮ ತಲೆಯ ಮೇಲೆ ಅಟ್ಟ. ಆಗಾಗ ಇಲಿಯೊಂದು ಕಾಯಿಗಳ ನಡುವೆ ಓಡಾಡಿದ ಸದ್ದು. ನಸುಕಿಗೆ ಎದ್ದು ನೋಡಿದಾಗ ಹುಡುಗ ಆಗಲೇ ಪರದೆಯ ಮುಂದೆ ಕುಳಿತಿದ್ದ. ನಾಲ್ಕು ಸುತ್ತು ಮುಗಿದಿದ್ದವು. ತಪ್ಪುಗಳ ಅಂಕಣದಲ್ಲಿ ಸೊನ್ನೆ. ಅವನ ತಂದೆ ಮೂರು ಲೋಟ ಕಾಫಿ ತಂದಿಟ್ಟು, ಕುರ್ಚಿಯೊಂದನ್ನು ಎಳೆದುಕೊಂಡು ಕುಳಿತು, “ಅದೇನೋ ನಕ್ಷೆ ಅಂತಿದ್ದೆಯಲ್ಲ, ಎಲ್ಲಿ ತೋರಿಸು” ಎಂದರು.